ರಾಜಭವನದ ತಲೆಯೆಣಿಕೆ

2024ರ ನವೆಂಬರ್ 23ರಂದು ನವಿ ಮುಂಬಯಿಯ ಬೇಲಾಪುರ ಕ್ಷೇತ್ರದ ಮತ ಎಣಿಕೆ ಮುಗಿದಾಗ ಬಿಜೆಪಿಯ ಮಂದಾ ಮ್ಹಾತ್ರೆ 377 ಮತಗಳಿಂದ ಗೆದ್ದಿದ್ದರು. ಸೋತವರು ಶರದ್ ಪವಾರ್ ಬಣದ ಎನ್‌ಸಿಪಿಯ ಸಂದೀಪ್ ನಾಯಿಕ್. ಚುನಾವಣೆಗೆ ಸ್ವಲ್ಪ ಮುಂಚಿನವರೆಗೂ ಅವರೂ ಬಿಜೆಪಿಯಲ್ಲೇ ಇದ್ದವರು. ಅವರ ತಂದೆ ಗಣೇಶ್ ನಾಯಿಕ್ ಅದೇ ಚುನಾವಣೆಯಲ್ಲಿ ಪಕ್ಕದ ಐರೋಲಿಯಿಂದ ಬಿಜೆಪಿ ಅಭ್ಯರ್ಥಿಯಾಗಿ ಗೆದ್ದರು. ಹತ್ತು ವರ್ಷಗಳ ಹಿಂದೆ, 2014ರಲ್ಲಿ, ಇದೇ ಬೇಲಾಪುರದಲ್ಲಿ ಇದೇ ಮ್ಹಾತ್ರೆ ಆ ತಂದೆಯನ್ನು 1,491 ಮತಗಳಿಂದ ಸೋಲಿಸಿದ್ದರು. 377 ಅಂದರೆ ಬೆಳಗಿನ ದಟ್ಟಣೆಯಲ್ಲಿ ಲೋಕಲ್ ರೈಲಿನ ಒಂದು ಡಬ್ಬಿಗೆ ತುಂಬಿಕೊಳ್ಳುವಷ್ಟು ಜನ. ಎರಡೂ ಕಡೆ ತೊಂಬತ್ತೊಂದು ಸಾವಿರ ದಾಟಿದ ಮತಗಳಿದ್ದರೂ ಒಂದು ಡಬ್ಬಿಯ ಜನ ತೀರ್ಮಾನ ಮಾಡಿದರು. ಯಂತ್ರ ಹೇಳಿತು, ಊರು ಕೇಳಿತು.

ಅದಕ್ಕೂ ಎರಡೂವರೆ ವರ್ಷ ಮುಂಚೆ, 2022ರ ಜೂನ್‌ನಲ್ಲಿ, ಇದೇ ಥಾಣೆ ಜಿಲ್ಲೆಯಿಂದ ಎದ್ದ ಗಾಳಿ ಮಹಾರಾಷ್ಟ್ರದ ಸರ್ಕಾರವನ್ನೇ ಉರುಳಿಸಿತ್ತು. ಆಗ ಯಾವ ಮತಯಂತ್ರವೂ ತೆರೆಯಲಿಲ್ಲ. ಯಾರ ಕಡೆ ಎಷ್ಟು ಮಂದಿ ಎಂಬ ಲೆಕ್ಕ ಕಾಗದದ ಮೇಲಿನ ಸಹಿಗಳಲ್ಲಿ, ಸೂರತ್ ಮತ್ತು ಗುವಾಹಟಿಯ ಹೋಟೆಲುಗಳಲ್ಲಿ ನಡೆಯಿತು. ಕೊನೆಗೆ ಆ ಲೆಕ್ಕ ಹೋಗಿ ಕೂತದ್ದು ಮುಂಬಯಿಯ ಮಲಬಾರ್ ಹಿಲ್‌ನ ರಾಜಭವನದ ಮೇಜಿನ ಮೇಲೆ. ಆ ಮೇಜಿನ ಹಿಂದೆ ಕೂತವರನ್ನು ಡೊಂಬಿವಲಿಯ, ಕಲ್ಯಾಣದ, ಥಾಣೆಯ ಯಾವ ಮತದಾರನೂ ಆರಿಸಿರಲಿಲ್ಲ. ಈ ದೇಶದಲ್ಲಿ ರಾಜ್ಯಪಾಲರನ್ನು ಮತದಾರರು ಎಂದೂ ಆರಿಸಿಲ್ಲ. ಅಮೆರಿಕದ ಸುದ್ದಿಯಲ್ಲಿ ‘ಗವರ್ನರ್ ಚುನಾವಣೆ’ ಎಂದು ಓದಿದಾಗ ನಮ್ಮವರಿಗೆ ಆ ಎರಡು ಪದಗಳು ಜೊತೆಗೂಡುವುದೇ ವಿಚಿತ್ರವೆನಿಸುತ್ತದೆ.

ಆದರೆ ಒಂದು ಕಾಲಕ್ಕೆ ಅವು ನಮ್ಮಲ್ಲೂ ಜೊತೆಗೂಡಿದ್ದವು. ಸುಮಾರು ಎರಡು ವರ್ಷ, ಕಾಗದದ ಮೇಲೆ.

*

1947ರ ಬೇಸಗೆಯಲ್ಲಿ ಸಂವಿಧಾನ ಸಭೆ ಎರಡು ಸಮಿತಿಗಳನ್ನು ಮಾಡಿತು. ಕೇಂದ್ರದ ಸ್ವರೂಪ ಹೇಗಿರಬೇಕೆಂದು ಹೇಳಲು ನೆಹರೂ ಅಧ್ಯಕ್ಷತೆಯ ಸಮಿತಿ, ಪ್ರಾಂತ್ಯಗಳ ಸ್ವರೂಪಕ್ಕೆ ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯ ಸಮಿತಿ. ಎರಡಕ್ಕೂ ಮೊದಲ ಕರಡು ಟಿಪ್ಪಣಿ ಬರೆದುಕೊಟ್ಟವರು ಸಭೆಯ ಸಲಹೆಗಾರ ಬೆನೆಗಲ್ ನರಸಿಂಗ ರಾವ್, ಮಂಗಳೂರಿನಲ್ಲಿ ಹುಟ್ಟಿದವರು. ಗವರ್ನರನ್ನು ಪ್ರಾಂತ್ಯದ ಶಾಸಕರು ಗುಪ್ತ ಮತದಾನದಿಂದ ಆರಿಸಲಿ ಎಂಬುದು ಅವರ ಸಲಹೆಯಾಗಿತ್ತು. ಪಟೇಲರ ಸಮಿತಿ ಅದಕ್ಕಿಂತ ಮುಂದೆ ಹೋಯಿತು. ಶಾಸಕರು ಯಾಕೆ, ಜನರೇ ಆರಿಸಲಿ ಎಂದಿತು. ಜುಲೈನಲ್ಲಿ ಪಟೇಲರು ಸಭೆಯ ಮುಂದಿಟ್ಟ ವರದಿಯ ಆರಂಭದಲ್ಲೇ, ಪ್ರತಿ ಪ್ರಾಂತ್ಯಕ್ಕೂ ವಯಸ್ಕ ಮತದಾನದ ಮೂಲಕ ನೇರವಾಗಿ ಆಯ್ಕೆಯಾದ ಒಬ್ಬ ಗವರ್ನರ್, ನಾಲ್ಕು ವರ್ಷದ ಅವಧಿಗೆ ಎಂದಿತ್ತು. ಸಭೆ ಒಪ್ಪಿತು.

ಯಾಕೆ ಹೀಗೆ ಎಂಬುದು ಆ ಕಾಲದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ‘ಗವರ್ನರ್’ ಎಂದರೆ ಲಂಡನ್ನಿನಿಂದ ಹಡಗು ಹತ್ತಿ ಬಂದವನು, ಲಾಟ್ ಸಾಹೇಬ. ಅವನ ಕುರ್ಚಿಯಲ್ಲಿ ಇನ್ನು ನಮ್ಮವನೊಬ್ಬ ಕೂರುವುದಾದರೆ ಅವನನ್ನು ಮೇಲಿನವರು ಇಳಿಸಬಾರದು, ಕೆಳಗಿನವರು ಏರಿಸಬೇಕು. ಕನ್ನಡದ ‘ರಾಜ್ಯಪಾಲ’ ಎಂಬ ಮಾತಿನಲ್ಲೂ ಪಾಲಿಸುವವನು, ಕಾಯುವವನು ಎಂಬ ಅರ್ಥವಿದೆ. ಕಾವಲಿಗೆ ಇಟ್ಟವರು ಯಾರು ಎಂಬುದು ಮಾತ್ರ ಆ ಪದದಲ್ಲಿಲ್ಲ.

ಆ ಏರ್ಪಾಡು ನಿಂತಿದ್ದರೆ ಹೇಗಿರುತ್ತಿತ್ತೆಂದು ಊಹಿಸಿಕೊಳ್ಳಲು ಮುಂಬಯಿ ಪ್ರಾಂತ್ಯವೇ ಸಾಕು. ಆಗಿನ ಮುಂಬಯಿ ಪ್ರಾಂತ್ಯದಲ್ಲಿ ಥಾಣೆ, ಕಲ್ಯಾಣಗಳ ಜೊತೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಇದ್ದವು. ಅತ್ತ ಅಹಮದಾಬಾದ್, ಸೂರತ್ ಕೂಡ. ಕಾರವಾರದ ಮೀನುಗಾರ, ಭಿವಂಡಿಯ ಮಗ್ಗದವ, ಸೂರತ್ತಿನ ವ್ಯಾಪಾರಿ ಮೂವರೂ ಒಬ್ಬನೇ ಗವರ್ನರಿಗಾಗಿ ಮತ ಹಾಕಬೇಕಾಗುತ್ತಿತ್ತು. ಆ ಅಭ್ಯರ್ಥಿ ಯಾವ ಭಾಷೆಯಲ್ಲಿ ಭಾಷಣ ಮಾಡಬೇಕಿತ್ತು? ಕರ್ನಾಟಕ ಏಕೀಕರಣಕ್ಕೆ, ಸಂಯುಕ್ತ ಮಹಾರಾಷ್ಟ್ರಕ್ಕೆ ಏನು ಉತ್ತರ ಕೊಡಬೇಕಿತ್ತು? ಅಂಥ ಚುನಾವಣೆ ನಡೆದಿದ್ದರೆ ಅದು ತೀರಾ ಹತ್ತಿರದ ಸ್ಪರ್ಧೆಯಾಗಿರುತ್ತಿತ್ತೋ ಇಲ್ಲವೋ, ತಣ್ಣಗಂತೂ ಇರುತ್ತಿರಲಿಲ್ಲ.

ವಾಸ್ತವದಲ್ಲಿ ಮುಂಬಯಿಗೆ ಬಂದ ಮೊದಲ ಭಾರತೀಯ ಗವರ್ನರ್ ರಾಜಾ ಮಹಾರಾಜ್ ಸಿಂಗ್, ಕಪೂರ್ಥಲಾ ರಾಜಮನೆತನದವರು. ಅವರು ಜನರ ನೆನಪಿನಲ್ಲಿ ಉಳಿದಿರುವುದು ರಾಜಕೀಯದಿಂದಲ್ಲ, ಕ್ರಿಕೆಟ್ಟಿನಿಂದ. 1950ರಲ್ಲಿ, 72ನೇ ವಯಸ್ಸಿನಲ್ಲಿ, ಗವರ್ನರ್ ಇಲೆವನ್ ತಂಡದ ನಾಯಕರಾಗಿ ಪ್ರಥಮ ದರ್ಜೆ ಪಂದ್ಯಕ್ಕೆ ಪದಾರ್ಪಣೆ ಮಾಡಿ, ನಾಲ್ಕು ರನ್ ಹೊಡೆದು ಜಿಮ್ ಲೇಕರ್‌ಗೆ ಔಟಾದರು. ಅಷ್ಟು ವಯಸ್ಸಿನಲ್ಲಿ ಆ ದರ್ಜೆಯ ಕ್ರಿಕೆಟ್ಟಿಗೆ ಕಾಲಿಟ್ಟವರು ಬೇರೆ ಯಾರೂ ಇಲ್ಲ. ನೇಮಕಗೊಂಡ ಗವರ್ನರ್ ಎಂದರೆ ಇಷ್ಟೇ ನಿರಪಾಯ ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪಲ್ಲ.

1947ರ ಜುಲೈಗೂ 1949ರ ಮೇ ತಿಂಗಳಿಗೂ ನಡುವೆ ದೇಶ ಬೇರೆಯದೇ ಆಗಿತ್ತು. ವಿಭಜನೆ, ನಿರಾಶ್ರಿತರು, ಕಾಶ್ಮೀರ, ಹೈದರಾಬಾದ್. ಪ್ರಾಂತ್ಯಗಳಿಗೆ ಹೆಚ್ಚು ಬಲ ಕೊಡುವ ಮಾತು ಕೇಳಿದರೆ ದಿಲ್ಲಿಯಲ್ಲಿ ಮೈ ಜುಮ್ಮೆನ್ನುವ ಕಾಲ. 1948ರ ಫೆಬ್ರವರಿಯಲ್ಲಿ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯೇ ಒಂದು ಅನುಮಾನ ಎತ್ತಿತ್ತು: ಜನರಿಂದ ಆಯ್ಕೆಯಾದ ಗವರ್ನರ್ ಒಂದು ಕಡೆ, ಶಾಸನಸಭೆಗೆ ಉತ್ತರ ಕೊಡಬೇಕಾದ ಮುಖ್ಯಮಂತ್ರಿ ಇನ್ನೊಂದು ಕಡೆ ಇದ್ದರೆ ಇಬ್ಬರಿಗೂ ತಿಕ್ಕಾಟವಾಗದೆ? ‘ನಿನ್ನನ್ನು ಒಂದು ಕ್ಷೇತ್ರ ಆರಿಸಿದೆ, ನನ್ನನ್ನು ಇಡೀ ಪ್ರಾಂತ್ಯ ಆರಿಸಿದೆ’ ಎಂದು ಗವರ್ನರ್ ಹೇಳಿದರೆ ಮುಖ್ಯಮಂತ್ರಿ ಏನು ಮಾಡಬೇಕು? ಹಾಗಾಗಿ ಕರಡಿನಲ್ಲಿ ಇನ್ನೊಂದು ದಾರಿಯನ್ನೂ ಸೂಚಿಸಲಾಯಿತು. ಶಾಸನಸಭೆ ನಾಲ್ಕು ಹೆಸರು ಕೊಡಲಿ, ರಾಷ್ಟ್ರಪತಿ ಅದರಲ್ಲೊಬ್ಬರನ್ನು ನೇಮಿಸಲಿ ಎಂದು.

1949ರ ಮೇ 30 ಮತ್ತು 31ರಂದು ಚರ್ಚೆ ನಡೆದಾಗ ಆ ನಡುದಾರಿಯೂ ಉಳಿಯಲಿಲ್ಲ. ಬಿಹಾರದ ಬ್ರಜೇಶ್ವರ ಪ್ರಸಾದ್ ಒಂದು ತಿದ್ದುಪಡಿ ತಂದರು: ರಾಷ್ಟ್ರಪತಿಯೇ ನೇರ ನೇಮಿಸಲಿ. ನೆಹರೂ ಎದ್ದು ಅದನ್ನು ಬೆಂಬಲಿಸಿದರು. ಚುನಾಯಿತ ಗವರ್ನರ್ ಪ್ರಾಂತ್ಯದ ಪ್ರತ್ಯೇಕ ಭಾವನೆಗೆ ನೀರೆರೆಯುತ್ತಾನೆ, ಹೊರಗಿನಿಂದ ಬಂದ, ಸ್ಥಳೀಯ ಜಗಳಗಳ ಸೋಂಕಿಲ್ಲದ ವ್ಯಕ್ತಿ ಮೇಲು ಎಂಬುದು ಅವರ ವಾದ. ಅಂಬೇಡ್ಕರರ ವಾದ ಇನ್ನೂ ಸರಳ. ಗವರ್ನರಿಗೆ ಸ್ವಂತವಾಗಿ ಮಾಡುವ ಕೆಲಸವೇ ಇಲ್ಲದಿರುವಾಗ, ಅಲಂಕಾರದ ಹುದ್ದೆಗೆ ಅಷ್ಟು ಹಣ, ಅಷ್ಟು ಶ್ರಮ ಸುರಿದು ಚುನಾವಣೆ ನಡೆಸುವುದೇಕೆ?

ವಿರೋಧಿಸಿದವರೂ ಇದ್ದರು. ಒಡಿಶಾದ ಬಿಶ್ವನಾಥ ದಾಸ್ ನೇಮಕದ ಪದ್ಧತಿಯನ್ನು ಖಂಡಿಸಿದರು. (ಹದಿಮೂರು ವರ್ಷ ಕಳೆದು 1962ರಲ್ಲಿ ಅವರೇ ಉತ್ತರ ಪ್ರದೇಶಕ್ಕೆ ನೇಮಕಗೊಂಡ ರಾಜ್ಯಪಾಲರಾದರು. ಇತಿಹಾಸಕ್ಕೆ ಇಂಥ ಕುಚೋದ್ಯ ಇದ್ದೇ ಇದೆ.) ಮುಂಬಯಿ ಪ್ರಾಂತ್ಯದ ಆಗಿನ ಮುಖ್ಯಸ್ಥ ಬಿ.ಜಿ. ಖೇರ್ ಇದೇ ಸಂವಿಧಾನ ಸಭೆಯಲ್ಲಿ ಒಂದು ಎಚ್ಚರಿಕೆಯ ಮಾತು ಆಡಿದ್ದರು. ಎಷ್ಟೇ ಕಡಿಮೆ ಅಧಿಕಾರ ಕೊಟ್ಟರೂ ಒಳ್ಳೆಯ ಗವರ್ನರ್ ಬಹಳ ಒಳಿತು ಮಾಡಬಲ್ಲ, ಕೆಟ್ಟ ಗವರ್ನರ್ ಬಹಳ ಕಿಡಿಗೇಡಿತನ ಮಾಡಬಲ್ಲ ಎಂಬರ್ಥದ ಮಾತು ಅದು. ಆದರೂ ತಿದ್ದುಪಡಿ ಅಂಗೀಕಾರವಾಯಿತು. ಅದು ಇಂದಿನ 155ನೇ ವಿಧಿ. ಸರಿಯಾಗಿ ಒಂದು ತಿಂಗಳ ಬಳಿಕ ನರಸಿಂಗ ರಾಯರ ತಮ್ಮ ಬೆನೆಗಲ್ ರಾಮ ರಾವ್ ಗವರ್ನರಾದರು, ರಿಸರ್ವ್ ಬ್ಯಾಂಕಿಗೆ. ಆ ಹುದ್ದೆಗೂ ಚುನಾವಣೆಯಿಲ್ಲ, ಅದರ ಬಗ್ಗೆ ಯಾರ ತಕರಾರೂ ಇಲ್ಲ.

*

ಗವರ್ನರನ್ನು ನಿಜಕ್ಕೂ ಮತದಾರರು ಆರಿಸುವ ಕಡೆ ಸ್ಪರ್ಧೆ ಕೂದಲೆಳೆಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ 2004ರ ಚುನಾವಣೆ ಒಳ್ಳೆಯ ಉದಾಹರಣೆ. ಇದು ರಾಜಧಾನಿ ವಾಷಿಂಗ್ಟನ್ ಅಲ್ಲ, ಪಶ್ಚಿಮ ಕರಾವಳಿಯಲ್ಲಿ ಸಿಯಾಟಲ್ ಇರುವ ರಾಜ್ಯ. ಸುಮಾರು 28 ಲಕ್ಷ ಮತಗಳು. ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಪಕ್ಷದ ಡಿನೋ ರೊಸ್ಸಿ 261 ಮತಗಳಿಂದ ಮುಂದಿದ್ದರು. ಯಂತ್ರದಿಂದ ಮರುಎಣಿಕೆ ಮಾಡಿದಾಗ ಮುನ್ನಡೆ 42ಕ್ಕೆ ಇಳಿಯಿತು. ಡೆಮಾಕ್ರಟಿಕ್ ಪಕ್ಷ ಹಣ ಕಟ್ಟಿ, ಕೈಯಿಂದ ಮತ್ತೊಮ್ಮೆ ಎಣಿಸಿ ಎಂದಿತು. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ತಪ್ಪಾಗಿ ಬದಿಗಿಟ್ಟಿದ್ದ ಏಳುನೂರಕ್ಕೂ ಹೆಚ್ಚು ಮತಪತ್ರಗಳು ಆ ಹೊತ್ತಿಗೆ ಸಿಕ್ಕವು. ಮೂರನೆಯ ಎಣಿಕೆಯಲ್ಲಿ ಕ್ರಿಸ್ಟೀನ್ ಗ್ರೆಗೊಯರ್ 129 ಮತಗಳಿಂದ ಮುಂದೆ ಬಂದರು. ಅವರು ಪ್ರಮಾಣವಚನ ತೆಗೆದುಕೊಂಡರೂ ಮೊಕದ್ದಮೆ ನಡೆಯುತ್ತಲೇ ಇತ್ತು. 2005ರ ಜೂನ್‌ನಲ್ಲಿ ನ್ಯಾಯಾಧೀಶರು ಫಲಿತಾಂಶ ಎತ್ತಿಹಿಡಿದರು. ಜೊತೆಗೆ ರೊಸ್ಸಿಗೆ ಬಿದ್ದಿದ್ದ ನಾಲ್ಕು ಅಕ್ರಮ ಮತಗಳನ್ನು ಕಳೆದು ಅಂತರವನ್ನು 133ಕ್ಕೆ ಏರಿಸಿದರು. ರೊಸ್ಸಿ ಮೇಲ್ಮನವಿ ಹಾಕಲಿಲ್ಲ. 2008ರಲ್ಲಿ ಅವರಿಬ್ಬರೇ ಮತ್ತೆ ಎದುರಾದಾಗ ಗ್ರೆಗೊಯರ್ ಸುಮಾರು 1.94 ಲಕ್ಷ ಮತಗಳಿಂದ ಗೆದ್ದರು.

ಏಳು ತಿಂಗಳ ರಗಳೆ ನಿಜ. ಆದರೆ ಮೂರು ಸಲವೂ ಎಣಿಸಿದ್ದು ಒಂದೇ ವಸ್ತುವನ್ನು. ಮತಪತ್ರ ಅಲ್ಲಿತ್ತು, ಮುಟ್ಟಿ ನೋಡಬಹುದಿತ್ತು.

ಅದೇ 2004ರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದರು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಮತ. ಕೃಷ್ಣಮೂರ್ತಿಯವರ ಕಾರು ಚಾಲಕ ಅಂದು ಕೆಲಸದ ನಡುವೆ ಮತ ಹಾಕಲಾಗಲಿಲ್ಲವಂತೆ ಎಂಬ ಕತೆ ಆ ಕಡೆ ಇಂದಿಗೂ ಚಾಲ್ತಿಯಲ್ಲಿದೆ. ಇಬ್ಬರೂ 2009ರಲ್ಲಿ ಲೋಕಸಭೆಗೆ ಮತ್ತೆ ಎದುರಾದರು, ಧ್ರುವನಾರಾಯಣ ನಾಲ್ಕು ಸಾವಿರದಷ್ಟು ಮತಗಳಿಂದ ಗೆದ್ದರು. 2019ರಲ್ಲಿ ಶ್ರೀನಿವಾಸ ಪ್ರಸಾದರ ಎದುರು ಸೋತದ್ದೂ ಎರಡು ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ. ಒಂದು ಮತದಿಂದ ಸೋತ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ, ಅದೂ ಕಾಂಗ್ರೆಸ್ಸಿನಿಂದ, ಅರವತ್ತು ಸಾವಿರದ ಹತ್ತಿರದ ಅಂತರದಲ್ಲಿ ಗೆದ್ದರು. ಎಣಿಕೆ ನಡೆದುಬಿಟ್ಟರೆ ಮನುಷ್ಯ ಮುಂದಿನ ಎಣಿಕೆಗೆ ಕಾಯಬಲ್ಲ.

*

ಎಣಿಕೆಯೇ ನಡೆಯದಿದ್ದರೆ? ಅದು 1989ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಆದದ್ದು.

ಎಸ್.ಆರ್. ಬೊಮ್ಮಾಯಿ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರ ನಂತರ ಮುಖ್ಯಮಂತ್ರಿಯಾಗಿದ್ದರು. ಪಕ್ಷದ ಒಳಗೆ ಕುದಿಯುತ್ತಿತ್ತು. ಏಪ್ರಿಲ್ 15ರಂದು ಸಂಪುಟಕ್ಕೆ 13 ಮಂದಿಯನ್ನು ಸೇರಿಸಿಕೊಂಡರು. ಎರಡೇ ದಿನದಲ್ಲಿ ಪಕ್ಷ ಬಿಟ್ಟ ಶಾಸಕರೊಬ್ಬರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಬಳಿ 19 ಪತ್ರಗಳನ್ನು ಒಯ್ದರು. ಸರ್ಕಾರಕ್ಕೆ ನಮ್ಮ ಬೆಂಬಲವಿಲ್ಲ ಎಂದು 19 ಶಾಸಕರು ಸಹಿ ಮಾಡಿದ್ದ ಪತ್ರಗಳು. ರಾಜ್ಯಪಾಲರು ಏಪ್ರಿಲ್ 19ರಂದು ದಿಲ್ಲಿಗೆ ವರದಿ ಬರೆದರು: ಬೊಮ್ಮಾಯಿ ಬಹುಮತ ಕಳೆದುಕೊಂಡಿದ್ದಾರೆ.

ಮರುದಿನವೇ ಆ 19ರಲ್ಲಿ ಏಳು ಮಂದಿ ತಿರುಗಿ ಬಂದರು. ನಮ್ಮ ಸಹಿಯನ್ನು ಬೇರೇನೋ ಹೇಳಿ ಪಡೆಯಲಾಗಿದೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಬೊಮ್ಮಾಯಿ ರಾಜಭವನಕ್ಕೆ ಹೋಗಿ, ಏಪ್ರಿಲ್ 27ಕ್ಕೆ ನಿಗದಿಯಾಗಿರುವ ಅಧಿವೇಶನವನ್ನು ಬೇಕಾದರೆ ಮುಂಚೆಯೇ ಕರೆಯುತ್ತೇನೆ, ಸದನದಲ್ಲೇ ಎಣಿಸಿ ಎಂದರು. ರಾಜ್ಯಪಾಲರು ಅದಕ್ಕೆ ಒಪ್ಪಲಿಲ್ಲ. ಶಾಸಕರು ಸಹಿ ಹಿಂತೆಗೆದುಕೊಂಡದ್ದನ್ನೂ ಒತ್ತಡಕ್ಕೆ ಸಾಕ್ಷಿ ಎಂದೇ ಓದಿ ಎರಡನೆಯ ವರದಿ ಕಳಿಸಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು.

ಇಲ್ಲಿ ಒಂದು ಪದದ ಬಗ್ಗೆ ಹೇಳಬೇಕು. ಕನ್ನಡದಲ್ಲಿ ‘ಮತ’ ಎಂದರೆ ವೋಟು, ಅಭಿಪ್ರಾಯ, ಧರ್ಮ ಮೂರೂ ಹೌದು. ‘ನನ್ನ ಮತವೇನೆಂದರೆ’ ಎಂದು ಶುರುಮಾಡಿದವನು ಅಭಿಪ್ರಾಯ ಹೇಳುತ್ತಾನೆ, ಪೆಟ್ಟಿಗೆಗೆ ಹಾಕುವುದು ಬೇರೆ ಮತ. ‘ಬಹುಮತ’ ಎಂಬ ಪದ ಈ ಎರಡರ ನಡುವೆ ಜಾರುತ್ತಲೇ ಇರುತ್ತದೆ. ವೆಂಕಟಸುಬ್ಬಯ್ಯನವರ ವರದಿಯಲ್ಲಿದ್ದದ್ದು, ಬಹುಮತದ ಬಗ್ಗೆ ಅವರ ಮತ. ಬೊಮ್ಮಾಯಿ ಕೇಳುತ್ತಿದ್ದದ್ದು ಇನ್ನೊಂದನ್ನು.

ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬೊಮ್ಮಾಯಿಯವರ ಅರ್ಜಿಯನ್ನು ವಜಾ ಮಾಡಿತು. ನವೆಂಬರ್‌ನಲ್ಲಿ ಚುನಾವಣೆ ನಡೆದು ಕಾಂಗ್ರೆಸ್ 178 ಸ್ಥಾನ ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಬಂದದ್ದು 1994ರ ಮಾರ್ಚ್ 11ಕ್ಕೆ. ಕರ್ನಾಟಕದ ವಜಾ ಅಸಾಂವಿಧಾನಿಕವಾಗಿತ್ತು, ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ರಾಜ್ಯಪಾಲರ ಖಾಸಗಿ ಅಂದಾಜಲ್ಲ, ಅದನ್ನು ತಿಳಿಯುವ ಜಾಗ ಸದನ ಎಂದು ಕೋರ್ಟು ಹೇಳಿತು. ಬೊಮ್ಮಾಯಿ ಗೆದ್ದರು. ಆದರೆ ಐದು ವರ್ಷ ಕಳೆದಿತ್ತು, ನಡುವೆ ಒಂದು ಚುನಾವಣೆಯೇ ಆಗಿಹೋಗಿತ್ತು, ಮರಳಿ ಕೂರಲು ಕುರ್ಚಿ ಇರಲಿಲ್ಲ. ಅವರ ಹೆಸರು ಮಾತ್ರ ದೇಶದ ಪ್ರತಿಯೊಂದು ಕಾನೂನು ಕಾಲೇಜಿನ ಪಾಠವಾಯಿತು.

*

ಅದೇ 1989ರ ವಸಂತದಲ್ಲಿ ಥಾಣೆಯಲ್ಲೂ ಒಂದು ಎಣಿಕೆ ನಡೆದಿತ್ತು. ಮಹಾನಗರಪಾಲಿಕೆಯ ಮೇಯರ್ ಚುನಾವಣೆಯಲ್ಲಿ ಶಿವಸೇನೆಯ ಪ್ರಕಾಶ್ ಪರಾಂಜಪೆ ಒಂದು ಮತದಿಂದ ಸೋತರು. ಗೆದ್ದದ್ದು ಕಾಂಗ್ರೆಸ್. ತಮ್ಮವರೇ ಯಾರೋ ಆ ಕಡೆ ಹಾಕಿದ್ದಾರೆ ಎಂಬುದು ಲೆಕ್ಕದಿಂದ ಗೊತ್ತಾಗುತ್ತಿತ್ತು, ಯಾರು ಎಂಬುದು ಗೊತ್ತಿರಲಿಲ್ಲ. ಸೇನೆಯ ಜಿಲ್ಲಾ ಮುಖ್ಯಸ್ಥ ಆನಂದ ದಿಘೆ ಗದ್ದಾರರಿಗೆ ಕ್ಷಮೆಯಿಲ್ಲ ಎಂದು ಸಾರಿದರೆಂದು ಆಗ ವರದಿಯಾಯಿತು. ಅನುಮಾನ ಬಿದ್ದದ್ದು ಪಕ್ಷದ ಕಾರ್ಪೊರೇಟರ್ ಶ್ರೀಧರ ಖೋಪಕರ್ ಮೇಲೆ. ಕೆಲವೇ ವಾರಗಳಲ್ಲಿ ಅವರ ಕೊಲೆಯಾಯಿತು. ದಿಘೆಯವರನ್ನು ಟಾಡಾ ಕಾಯ್ದೆಯಡಿ ಬಂಧಿಸಲಾಯಿತು. ನಂತರ ಜಾಮೀನು ಸಿಕ್ಕಿತು. 2001ರಲ್ಲಿ ಅವರು ತೀರಿಕೊಳ್ಳುವವರೆಗೂ ಅವರಿಗೆ ಶಿಕ್ಷೆಯೇನೂ ಆಗಲಿಲ್ಲ.

ಥಾಣೆಯ ರಾಜಕಾರಣದಲ್ಲಿ ‘ಗದ್ದಾರ’ ಎಂಬ ಪದಕ್ಕೆ ಅಂದಿನಿಂದ ಒಂದು ತೂಕ ಬಂತು. ಬೇರೆ ಊರುಗಳಲ್ಲಿ ಅದು ಬೈಗುಳ, ಅಲ್ಲಿ ಅದಕ್ಕೆ ಒಂದು ಹೆಣದ ನೆನಪಿದೆ. ಮೂವತ್ತಮೂರು ವರ್ಷಗಳ ನಂತರ ಅದೇ ಪದ ಮುಂಬಯಿ, ಥಾಣೆಯ ಬೀದಿಗಳಲ್ಲಿ ಮತ್ತೆ ಕೇಳಿಸಿತು. ಈ ಸಲ ಅದು ದಿಘೆಯವರ ಶಿಷ್ಯನೆಂದೇ ಹೆಸರಾದ ಏಕನಾಥ ಶಿಂದೆಯ ವಿರುದ್ಧ.

*

2022ರ ಜೂನ್ 20ರಂದು ವಿಧಾನ ಪರಿಷತ್ ಚುನಾವಣೆಯ ಫಲಿತಾಂಶ ಬಂದ ರಾತ್ರಿಯೇ ಥಾಣೆಯ ಕೋಪರಿ-ಪಾಚ್‌ಪಾಖಾಡಿ ಶಾಸಕ, ನಗರಾಭಿವೃದ್ಧಿ ಸಚಿವ ಶಿಂದೆ ಕೆಲವು ಶಾಸಕರೊಂದಿಗೆ ಸೂರತ್ ಕಡೆ ಹೊರಟರು. ದಿಘೆಯವರ ಜೀವನ ಕುರಿತ ಮರಾಠಿ ಸಿನಿಮಾ ‘ಧರ್ಮವೀರ್’ ಅದಕ್ಕೆ ಒಂದು ತಿಂಗಳು ಮುಂಚೆಯಷ್ಟೇ ಥಿಯೇಟರಿಗೆ ಬಂದಿತ್ತು. ಸೂರತ್ತಿನಿಂದ ಗುವಾಹಟಿಗೆ ಹೋಗುವ ಹೊತ್ತಿಗೆ ಜೊತೆಗಾರರು ಹೆಚ್ಚುತ್ತಲೇ ಇದ್ದರು. ಕಲ್ಯಾಣ ಪಶ್ಚಿಮದ ವಿಶ್ವನಾಥ ಭೋಯಿರ್ ಸೇರಿದಂತೆ ಥಾಣೆ ಜಿಲ್ಲೆಯ ಶಿವಸೇನೆ ಶಾಸಕರು ಆ ಗುಂಪಿನಲ್ಲಿದ್ದರು. ಆ ದಿನಗಳಲ್ಲಿ ಟಿವಿ ಪರದೆಯ ಮೂಲೆಯಲ್ಲಿ ಒಂದು ಅಂಕಿ ಕ್ರಿಕೆಟ್ ಸ್ಕೋರಿನ ಹಾಗೆ ಏರುತ್ತಿತ್ತು.

ಕನ್ನಡಿಗರಿಗೆ ಈ ದೃಶ್ಯ ಹೊಸದಲ್ಲ, ದಿಕ್ಕು ಮಾತ್ರ ತಿರುಗಿತ್ತು. 2019ರ ಜುಲೈನಲ್ಲಿ ಕರ್ನಾಟಕದ ಅತೃಪ್ತ ಶಾಸಕರು ಬಂದು ಕೂತದ್ದು ಮುಂಬಯಿಯ ಪೊವಾಯಿಯಲ್ಲಿ, ಥಾಣೆಯಿಂದ ಕೂಗಳತೆಯಲ್ಲಿ. ಡಿ.ಕೆ. ಶಿವಕುಮಾರ್ ಮಳೆಯಲ್ಲಿ ಆ ಹೋಟೆಲಿನ ಬಾಗಿಲಲ್ಲಿ ನಿಂತು, ಒಳಗೆ ಬಿಡದೆ, ಕೊನೆಗೆ ಪೊಲೀಸರ ವಶವಾದರು. ಆಗ ರಾಜ್ಯಪಾಲ ವಜುಭಾಯಿ ವಾಲಾ ಇಂಥ ಗಂಟೆಯೊಳಗೆ ಬಹುಮತ ಸಾಬೀತುಪಡಿಸಿ ಎಂದು ಗಡುವು ಕೊಟ್ಟರು. ಸದನ ಆ ಗಡುವುಗಳನ್ನು ದಾಟಿ ಚರ್ಚೆ ನಡೆಸಿತು. ಕೊನೆಗೆ ಜುಲೈ 23ರಂದು ಕುಮಾರಸ್ವಾಮಿ 99–105ರಿಂದ ಸೋತರು. ಎಳೆದಾಟ ಅಸಹ್ಯವಾಗಿತ್ತು, ಆದರೆ ತಲೆಗಳನ್ನು ಎಣಿಸಿದ್ದು ಸದನದ ಒಳಗೆ.

ಮಹಾರಾಷ್ಟ್ರದಲ್ಲಿ ರಾಜ್ಯಪಾಲ ಭಗತ್ ಸಿಂಗ್ ಕೋಶಿಯಾರಿ ಮುಂದಿದ್ದ ಕಾಗದಗಳು ಮುಖ್ಯವಾಗಿ ಮೂರು. ಜೂನ್ 21ರಂದು 34 ಶಿವಸೇನೆ ಶಾಸಕರು ಸಹಿ ಮಾಡಿ, ಶಿಂದೆಯೇ ನಮ್ಮ ಶಾಸಕಾಂಗ ಪಕ್ಷದ ನಾಯಕ ಎಂದ ನಿರ್ಣಯ, ಏಳು ಪಕ್ಷೇತರರ ಪತ್ರ, ವಿರೋಧ ಪಕ್ಷದ ನಾಯಕ ದೇವೇಂದ್ರ ಫಡಣವೀಸ್ ಪತ್ರ. ಜೂನ್ 28ರಂದು ಅವರು ಉದ್ಧವ್ ಠಾಕ್ರೆಗೆ ಜೂನ್ 30ರಂದು ಬಹುಮತ ಸಾಬೀತುಪಡಿಸಲು ಸೂಚಿಸಿದರು. ಠಾಕ್ರೆ ಪಕ್ಷ ಸುಪ್ರೀಂ ಕೋರ್ಟಿಗೆ ಓಡಿತು. ಜೂನ್ 29ರ ರಾತ್ರಿ ಒಂಬತ್ತರ ಸುಮಾರಿಗೆ ಕೋರ್ಟು ತಡೆ ಕೊಡಲು ನಿರಾಕರಿಸಿತು. ಸ್ವಲ್ಪ ಹೊತ್ತಿನಲ್ಲೇ ಠಾಕ್ರೆ ಫೇಸ್‌ಬುಕ್‌ನಲ್ಲಿ ನೇರವಾಗಿ ಮಾತಾಡಿ, ಈ ತಲೆಯೆಣಿಕೆಯ ಆಟ ಬೇಡ ಎಂಬ ಧಾಟಿಯಲ್ಲಿ ರಾಜೀನಾಮೆ ಘೋಷಿಸಿದರು. ಮರುದಿನ ಶಿಂದೆ ಮುಖ್ಯಮಂತ್ರಿ.

ಬೊಮ್ಮಾಯಿ ಎಣಿಸಿ ಎಣಿಸಿ ಎಂದು ಕೇಳಿದರು, ರಾಜ್ಯಪಾಲರು ಎಣಿಸಲು ಬಿಡಲಿಲ್ಲ. ಮೂವತ್ತಮೂರು ವರ್ಷದ ನಂತರ ರಾಜ್ಯಪಾಲರೇ ಎಣಿಸೋಣ ಬನ್ನಿ ಎಂದರು, ಠಾಕ್ರೆ ಒಲ್ಲೆ ಎಂದರು. ಬೊಮ್ಮಾಯಿ ಪ್ರಕರಣದ ಪಾಠವನ್ನು ರಾಜಭವನಗಳು ಹೀಗೂ ಕಲಿತಿದ್ದವು. ಸದನದಲ್ಲೇ ಎಣಿಕೆಯಾಗಬೇಕು ನಿಜ, ಆದರೆ ಯಾವ ದಿನ, ಯಾವ ಕಾಗದದ ಬಲದ ಮೇಲೆ ಎಂದು ಹೇಳುವುದು ನಮ್ಮ ಕೈಯಲ್ಲಿದೆಯಲ್ಲ.

ಜುಲೈ 4ರಂದು ಶಿಂದೆ ವಿಶ್ವಾಸಮತ ಕೇಳಿದಾಗ ಪರ 164, ವಿರುದ್ಧ 99. ಕಲ್ಯಾಣ ಗ್ರಾಮಾಂತರದ ಶಾಸಕ, ಎಂಎನ್‌ಎಸ್‌ನ ಏಕೈಕ ಸದಸ್ಯ ರಾಜು ಪಾಟೀಲ್ ಶಿಂದೆ ಕಡೆ ಮತ ಹಾಕಿದರು. ಮಾಜಿ ಮುಖ್ಯಮಂತ್ರಿ ಅಶೋಕ್ ಚವಾಣ್ ಸೇರಿದಂತೆ ಕೆಲವು ಕಾಂಗ್ರೆಸ್ ಶಾಸಕರು ತಡವಾಗಿ ಬಂದು, ಸದನದ ಬಾಗಿಲು ಮುಚ್ಚಿದ್ದರಿಂದ ಹೊರಗೇ ಉಳಿದರು. ಆ ಸಂಖ್ಯೆಗಳನ್ನು ನೋಡಿದರೆ ಜೂನ್ 30ಕ್ಕೆ ಎಣಿಸಿದ್ದರೂ ಠಾಕ್ರೆ ಸೋಲುತ್ತಿದ್ದರು ಎನ್ನಲು ಬುದ್ಧಿವಂತಿಕೆ ಬೇಕಿಲ್ಲ. ಆದರೆ ಯಾರು ಯಾರು ಎದ್ದು ನಿಂತು ಅವರ ವಿರುದ್ಧ ಹೆಸರು ಹೇಳುತ್ತಿದ್ದರು ಎಂಬುದು ಸದನದ ದಾಖಲೆಯಲ್ಲಿ ಉಳಿಯುತ್ತಿತ್ತು. ಈಗ ಉಳಿದಿರುವುದು ಹೋಟೆಲಿನ ವಿಡಿಯೋಗಳು.

ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2023ರ ಮೇ 11ರಂದು ತೀರ್ಪು ಕೊಟ್ಟಿತು. ಆ 34 ಸಹಿಗಳ ನಿರ್ಣಯದಲ್ಲಿ ಪಕ್ಷದೊಳಗಿನ ಅತೃಪ್ತಿ ಇತ್ತೇ ಹೊರತು ಸರ್ಕಾರಕ್ಕೆ ಬೆಂಬಲ ವಾಪಸ್ ಎಂಬ ಮಾತು ಇರಲಿಲ್ಲ, ಪಕ್ಷದ ಒಳಜಗಳವನ್ನು ಬಗೆಹರಿಸಲು ಬಹುಮತ ಪರೀಕ್ಷೆಯನ್ನು ಬಳಸುವಂತಿಲ್ಲ, ರಾಜ್ಯಪಾಲರ ಸೂಚನೆ ಸಮರ್ಥನೀಯವಲ್ಲ ಎಂದಿತು. ಆದರೆ ಠಾಕ್ರೆ ಪರೀಕ್ಷೆ ಎದುರಿಸದೆ ತಾವಾಗಿ ರಾಜೀನಾಮೆ ಕೊಟ್ಟಿದ್ದರಿಂದ ಅವರ ಸರ್ಕಾರವನ್ನು ಮರಳಿ ಕೂರಿಸಲಾಗದು ಎಂದೂ ಹೇಳಿತು. 1994ರಲ್ಲಿ ತಡವಾಗಿ ಬಂದ ನ್ಯಾಯಕ್ಕೆ ಕುರ್ಚಿ ಸಿಗಲಿಲ್ಲ, 2023ರಲ್ಲಿ ಬೇಗ ಬಿಟ್ಟ ಕುರ್ಚಿಗೆ ನ್ಯಾಯ ಸಿಗಲಿಲ್ಲ. ಕೋಶಿಯಾರಿ ಅಷ್ಟರಲ್ಲಿ ಹುದ್ದೆ ಬಿಟ್ಟು ಹೋಗಿಯಾಗಿತ್ತು.

ಪುಟ ಪುಟದಲ್ಲೂ ಬೊಮ್ಮಾಯಿ ಪ್ರಕರಣದ ನೆನಪಿದ್ದ ಆ ತೀರ್ಪು ಬಂದ ದಿನ ಕರ್ನಾಟಕದ ಮುಖ್ಯಮಂತ್ರಿ ಆ ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ. ಪೊವಾಯಿಯ ಹೋಟೆಲಿನ ದಾರಿಯಿಂದ ಬಂದ ಬಿಜೆಪಿ ಸರ್ಕಾರದ ಎರಡನೆಯ ಮುಖ್ಯಮಂತ್ರಿ. ರಾಜ್ಯ ಹಿಂದಿನ ದಿನವಷ್ಟೇ, ಮೇ 10ರಂದು, ಮತ ಹಾಕಿ ಮುಗಿಸಿತ್ತು. ಮೇ 13ರಂದು ಎಣಿಕೆಯಲ್ಲಿ ಅವರ ಪಕ್ಷ ಸೋತಿತು. ಅಂದು ಸಂಜೆಯೇ ಅವರು ಬೆಂಗಳೂರಿನ ರಾಜಭವನಕ್ಕೆ ಹೋಗಿ ರಾಜ್ಯಪಾಲ ಥಾವರಚಂದ್ ಗೆಹ್ಲೋಟರಿಗೆ ರಾಜೀನಾಮೆ ಕೊಟ್ಟು ಬಂದರು. ಜಯನಗರದ ಎಣಿಕೆ ಕೇಂದ್ರದಲ್ಲಿ ಮಾತ್ರ ಆಗಲೂ ದೀಪ ಆರಿರಲಿಲ್ಲ. ಅಲ್ಲಿ ಮತಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದರು. ರಾತ್ರಿ ಬಹಳ ಹೊತ್ತಾದ ಮೇಲೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರನ್ನು ಸೋಲಿಸಿದ್ದಾರೆ ಎಂದು ಘೋಷಣೆಯಾಯಿತು, 16 ಮತಗಳಿಂದ.